ಒಂದು ಗಂಟೆ ಇಪ್ಪತ್ತೈದು ನಿಮಿಷ

ಜನವರಿ 6

ಪ್ರೀತಿಯ ಅರೆನಿಮಿಷ,

ಕುಶಲ ವಿಚಾರಿಸುವ ಮೊದಲೇ ಜಗಳಕ್ಕೆ ಬಂದಿದ್ದೇನೆ, ಕ್ಷಮಿಸು. ಕುಶಲವನ್ನು ಕಾಗದದ ಕೊನೆಯಲ್ಲಿ ಕೇಳುತ್ತೇನೆ. ಅಷ್ಟು ಹೊತ್ತಿಗೆ ಕೋಪ ಇಳಿದಿರುತ್ತದೆ.

ನಿನ್ನೆ ನನ್ನ ನಾದಿನಿ ನಿಮ್ಮ ಊರಿನಿಂದ ನಮ್ಮ ಊರಿಗೆ ವಿಮಾನದಲ್ಲಿ ಬಂದಳು. ಕರೆತರಲು ಹೋಗಿದ್ದೆ. ವಿಮಾನ ಹದಿನೇಳು ನಿಮಿಷ ತಡ. ಕಾರಣವೇನೆಂದು ಫಲಕ ನೋಡಿದರೆ ‘ಹವಾಮಾನ ವೈಪರೀತ್ಯ’ ಎಂದಿತ್ತು. ಹೊರಗೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ವಿಚಾರಣೆಯ ಮೇಜಿನ ಹುಡುಗಿಯನ್ನು ಕೇಳಿದೆ:

“ಏನಮ್ಮಾ, ಯಾವ ಹವಾಮಾನ?”

“ಅಲ್ಲಿಯ ಹವಾಮಾನ, ಸರ್.”

“ಅಲ್ಲಿ ನನ್ನ ನಾದಿನಿ ಇದ್ದಳು. ಬಟ್ಟೆ ಒಣಗಿಸಿ ಬಂದಿದ್ದಾಳೆ.”

ಹುಡುಗಿ ತಲೆ ತಗ್ಗಿಸಿದಳು. ಪಾಪ, ಅವಳ ತಪ್ಪೇನು? ಪಕ್ಕದಲ್ಲಿ ಚೀಲದ ಮೇಲೆ ಕುಳಿತಿದ್ದ ಒಬ್ಬ ವ್ಯಾಪಾರಿ ನಕ್ಕ. “ಈ ವಿಮಾನ ದಿನಾ ಹೀಗೇ ಸ್ವಾಮಿ. ಇದರ ಹವಾಮಾನ ಪರ್ಮನೆಂಟು” ಅಂದ.

ಮಗೂ, ದಿನವೂ ಹದಿನೇಳು ನಿಮಿಷ ತಡವಾಗುವ ವಿಮಾನ ತಡವಾಗುತ್ತಿಲ್ಲ. ಅದರ ವೇಳಾಪಟ್ಟಿ ಸುಳ್ಳು ಹೇಳುತ್ತಿದೆ. ಮನೆಗೆ ಬಂದು ಕಂಪನಿಯ ಪುಟ ತೆರೆದು ನೋಡಿದೆ. ನಮ್ಮ ಎರಡು ಊರುಗಳ ನಡುವೆ ಹಾರುವ ದೂರ 612 ಕಿಲೋಮೀಟರ್, ಪ್ರಯಾಣದ ಸಮಯ 1 ಗಂಟೆ 25 ನಿಮಿಷ. ನನಗೆ ನಗು ಬಂತು, ಆಮೇಲೆ ಮೈ ಉರಿಯಿತು. ಈ ಎರಡೂ ಅಂಕಿಗಳು ನನ್ನವು! ಇಪ್ಪತ್ತಮೂರು ವರ್ಷಗಳ ಹಿಂದೆ, ನಿಮ್ಮ ಊರಿನ ಹಳೆಯ ವಿಮಾನ ನಿಲ್ದಾಣ ಊರೊಳಗೇ ಇದ್ದಾಗ, ಹತ್ತು ಸಲ ಹಾರಿ, ಬಾಗಿಲು ಮುಚ್ಚಿದ ಕ್ಷಣದಿಂದ ಬಾಗಿಲು ತೆರೆದ ಕ್ಷಣದವರೆಗೆ ಎಣಿಸಿ ಬರೆದವು. ಹೊಸ ನಿಲ್ದಾಣ ಊರಾಚೆ ಮೂವತ್ತೊಂದು ಕಿಲೋಮೀಟರ್ ಹೋಗಿ ಒಂಬತ್ತು ವರ್ಷವಾಯಿತು. ನಿಲ್ದಾಣ ಹೋದರೂ ನನ್ನ ಅಂಕಿ ಅಲ್ಲೇ ಕುಳಿತಿದೆ! ಸ್ಥಳಾಂತರವಾದಾಗ ಯಾರೋ ಮರುಮಾಪನ ಮಾಡಬೇಕಿತ್ತು. ಆ ಮಹಾಶಯ ಕುರ್ಚಿಯಿಂದ ಏಳದೆ ನನ್ನ ಅಂಕಿಯನ್ನೇ ನಕಲು ಹೊಡೆದಿದ್ದಾನೆ.

ಸಮಯ ಹೇಳುವುದೆಂದರೆ ಮಾತು ಕೊಡುವುದು ಎಂದು ಕಂಪನಿಯ ತರಬೇತಿ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದೆ. ಮೊದಲ ದಿನವೇ ಅರ್ಧ ನಿಮಿಷ ತಡವಾಗಿ ಬಂದು, “ಬರೀ ಅರೆನಿಮಿಷ ಮೇಷ್ಟ್ರೇ” ಎಂದು ಹೆಸರು ಗಳಿಸಿದ ನೀನು ನನ್ನ ಕೊನೆಯ ತಂಡದವಳು. ಈಗ ಅದೇ ಕಂಪನಿಯ ವೇಳಾಪಟ್ಟಿ ಕೊಠಡಿಯಲ್ಲಿ ಕುಳಿತಿದ್ದೀಯ. ಹೇಳು, ಅಲ್ಲಿ ಏನು ನಡೆಯುತ್ತಿದೆ?

ಕೋಪ ಇಳಿಯಲಿಲ್ಲ. ಕುಶಲ ಮುಂದಿನ ಕಾಗದದಲ್ಲಿ.

ನಿನ್ನ ಮೇಷ್ಟ್ರು


ಜನವರಿ 14

ಪೂಜ್ಯ ಮೇಷ್ಟ್ರಿಗೆ,

ನಿಮ್ಮ ಕಾಗದ ನಿನ್ನೆ ತಲುಪಿತು. ಎಂಬತ್ತೈದು ನಿಮಿಷದ ದೂರಕ್ಕೆ ಅಂಚೆ ಏಳು ದಿನ ತೆಗೆದುಕೊಂಡಿದೆ. ಅಂಚೆಯವರೂ ನಮ್ಮ ಪುಟ ನೋಡಿಯೇ ಹೊರಟಿರಬೇಕು.

ನೀವು ಕೇಳಿದ್ದಕ್ಕೆ ಉತ್ತರ: ಹೌದು, ದಿನವೂ ತಡ. ಪ್ರತಿ ತಡಕ್ಕೂ ಒಂದು ಕಾರಣ ಬರೆಯಲೇಬೇಕು ಎಂದು ದಾಖಲೆ ಪುಸ್ತಕದಲ್ಲಿ ಒಂದು ಅಂಕಣವಿದೆ. ‘ವೇಳಾಪಟ್ಟಿ ತಪ್ಪು’ ಎಂದು ಬರೆಯಲು ಅದರಲ್ಲಿ ಜಾಗವಿಲ್ಲ. ಹವಾಮಾನ, ದಟ್ಟಣೆ, ಯಂತ್ರದೋಷ, ಪ್ರಯಾಣಿಕರ ವಿಳಂಬ: ಈ ನಾಲ್ಕರಲ್ಲಿ ಒಂದನ್ನು ಆರಿಸಬೇಕು. ಯಂತ್ರದೋಷ ಎಂದರೆ ಇಂಜಿನಿಯರುಗಳು ಜಗಳಕ್ಕೆ ಬರುತ್ತಾರೆ. ದಟ್ಟಣೆ ಎಂದರೆ ನಿಲ್ದಾಣದವರು ಬರುತ್ತಾರೆ. ಹವಾಮಾನ ಮಾತ್ರ ಜಗಳಕ್ಕೆ ಬರುವುದಿಲ್ಲ.

ಸಮಯವನ್ನು ತಿದ್ದಿದರೆ ಏನಾಗುತ್ತದೆಂದು ನೀವು ಊಹಿಸಬಲ್ಲಿರಿ. ಒಂದು ಗಂಟೆ ಇಪ್ಪತ್ತೈದು ನಿಮಿಷವಾದರೆ ಒಂದು ವಿಮಾನ, ಒಂದೇ ಸಿಬ್ಬಂದಿ, ದಿನಕ್ಕೆ ನಾಲ್ಕು ಸಲ ಹಾರಬಹುದು. ಅದನ್ನು ಒಂದು ಗಂಟೆ ನಲವತ್ತೆರಡು ಮಾಡಿದರೆ ನಾಲ್ಕನೆಯದು ಬೀಳುತ್ತದೆ. ನಮ್ಮ ಮುಖ್ಯಸ್ಥರು ನಿಮ್ಮ ಹಳೆಯ ಶಿಷ್ಯರೇ. ನೀವು ಇಟ್ಟ ‘ದೊಡ್ಡಮುಳ್ಳು’ ಎಂಬ ಹೆಸರನ್ನು ಇಲ್ಲಿ ಎಲ್ಲರೂ ಬೆನ್ನ ಹಿಂದೆ ಬಳಸುತ್ತಾರೆ. ಅವರು ಹೇಳುವುದಿಷ್ಟೇ: “ಕಾಗದದಲ್ಲಿ ಸರಿ ಇದೆಯಲ್ಲ? ಹಾಗಾದ್ರೆ ಸರಿ ಇದೆ.”

ನನ್ನ ಜೊತೆ ಕೋಣೆ ಹಂಚಿಕೊಂಡಿರುವ ಗುಬ್ಬಿಯ ಬಗ್ಗೆ ಬರೆದಿದ್ದೆನಲ್ಲ, ಅದೇ ವಿಮಾನದ ಗಗನಸಖಿ? ಮೊನ್ನೆ ಊಟಕ್ಕೆ ಕುಳಿತಾಗ ಚಮಚ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋದಳು. ಎಬ್ಬಿಸಿದರೆ, “ದಯವಿಟ್ಟು ಸೀಟು ನೇರ ಮಾಡ್ಕೊಳ್ಳಿ” ಅಂದಳು. ಬಿದ್ದು ಬಿದ್ದು ನಕ್ಕೆವು.

ಮನೆಯಲ್ಲಿ ಅಮ್ಮನವರಿಗೆ ನಮಸ್ಕಾರ.

ನಿಮ್ಮ ಅರೆನಿಮಿಷ


ಜನವರಿ 20

ಪ್ರೀತಿಯ ಅರೆನಿಮಿಷ,

ನೀನು ನಕ್ಕೆ. ನನಗೆ ನಗು ಬರಲಿಲ್ಲ.

ಲೆಕ್ಕ ಹಾಕಿ ನೋಡಿದೆ. ಮರುದಿನದ ಕೆಲಸಕ್ಕೆ ಮುನ್ನ ಸಿಬ್ಬಂದಿಗೆ ಹತ್ತು ಗಂಟೆ ವಿಶ್ರಾಂತಿ ಕೊಡಬೇಕೆಂಬುದು ನಿಯಮ. ನಿಮ್ಮ ವೇಳಾಪಟ್ಟಿಯ ಪ್ರಕಾರ ಆ ಗುಬ್ಬಿಗೆ ಹತ್ತು ಗಂಟೆ ಇಪ್ಪತ್ತು ನಿಮಿಷ ಸಿಗುತ್ತದೆ. ನಾಲ್ಕು ಹಾರಾಟಕ್ಕೆ ಹದಿನೇಳರಂತೆ ಅರುವತ್ತೆಂಟು ನಿಮಿಷ ಕಳೆ. ಒಂಬತ್ತು ಗಂಟೆ ಹನ್ನೆರಡು ನಿಮಿಷ! ಅದರಲ್ಲೇ ಊರಾಚೆಯ ನಿಲ್ದಾಣದಿಂದ ಮನೆಗೆ ಬರಬೇಕು, ಉಣ್ಣಬೇಕು, ಮಲಗಬೇಕು, ಎದ್ದು ಹೋಗಬೇಕು. ಕಂಪನಿ ದಿನವೂ ಒಂದು ಮಗುವಿನ ನಿದ್ದೆಯನ್ನು ಕದಿಯುತ್ತಿದೆ, ಕದ್ದದ್ದಕ್ಕೆ ‘ಹವಾಮಾನ’ ಎಂದು ರಸೀದಿ ಬರೆಯುತ್ತಿದೆ.

ಇದಕ್ಕೆಲ್ಲ ಮೂಲ, ಹೊಸ ನಿಲ್ದಾಣಕ್ಕೆ ಹಾರಿ ನೋಡದೆ ಹಳೆಯ ಅಂಕಿಗೆ ಒಪ್ಪಿಗೆ ಕೊಟ್ಟ ಆ ಮಾಪಕ. ಅವನ ಹಾಳೆ ನಿಮ್ಮ ಕೊಠಡಿಯ ಕಬ್ಬಿಣದ ಬೀರುವಿನಲ್ಲೇ ಇರುತ್ತದೆ, ಮಾರ್ಗದ ಸಂಖ್ಯೆಯ ಕ್ರಮದಲ್ಲಿ. ತೆಗೆದು ನೋಡು. ಕೆಳಗೆ ಅವನ ಸಹಿ ಇದ್ದೇ ಇರುತ್ತದೆ. ನಿನಗೆ ನಿಯಮ ನೆನಪಿದೆಯಲ್ಲ? ‘ಅಳೆದವನು ಬದುಕಿರುವವರೆಗೆ ಅವನ ಅಂಕಿಯನ್ನು ಅವನೇ ತಿದ್ದಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ.’ ಹಿಂದೆ ಒಬ್ಬ ದೊಡ್ಡ ಅಧಿಕಾರಿ ಪೆನ್ಸಿಲ್ ಹಿಡಿದು ನನ್ನ ಒಂದು ಮಾರ್ಗದಿಂದ ಹತ್ತು ನಿಮಿಷ ಕೆರೆದು ತೆಗೆದಾಗ, ಎರಡು ವರ್ಷ ಹೋರಾಡಿ ಬರೆಸಿದ ನಿಯಮ ಅದು. ನನ್ನ ಸೇವೆಯಲ್ಲಿ ನನಗೆ ಹೆಮ್ಮೆಯಿರುವುದು ಅದೊಂದರ ಬಗ್ಗೆ.

ಆದ್ದರಿಂದ ಆ ಪುಣ್ಯಾತ್ಮ ಎಲ್ಲಿದ್ದರೂ ಹುಡುಕು. ಕಿವಿ ಹಿಡಿದು ಎಳೆದುಕೊಂಡು ಬಾ. ವಿಮಾನ ಹತ್ತಿಸು. ಅವನು ನನ್ನ ಶಿಷ್ಯನೇ ಆಗಿದ್ದರೆ ನನಗೆ ಹೇಳು, ಕಿವಿ ಹಿಡಿಯಲು ನಾನೇ ಬರುತ್ತೇನೆ. ನೀನು ಇದನ್ನು ಮಾಡಬಲ್ಲೆ. ನಿನ್ನ ಮೇಲೆ ನನಗೆ ಅಷ್ಟು ಭರವಸೆ.

ನಿನ್ನ ಮೇಷ್ಟ್ರು


ಫೆಬ್ರವರಿ 9

ಪೂಜ್ಯ ಮೇಷ್ಟ್ರಿಗೆ,

ತಡವಾಗಿ ಬರೆಯುತ್ತಿದ್ದೇನೆ. ಕಳೆದ ಸೋಮವಾರ ಬೆಳಿಗ್ಗೆ ಗುಬ್ಬಿ ಡ್ಯೂಟಿಗೆ ಹೋಗುವಾಗ, ನಿಲ್ದಾಣದ ರಸ್ತೆಯ ತಿರುವಿನಲ್ಲಿ, ಸ್ಕೂಟರಿನ ಮೇಲೆಯೇ ನಿದ್ದೆ ಹೋದಳು. ರಸ್ತೆ ತಿರುಗಿತು, ಅವಳು ತಿರುಗಲಿಲ್ಲ. ಹೆಗಲ ಮೂಳೆ ಮುರಿದಿದೆ, ಎಡ ಮಣಿಕಟ್ಟು ಕೂಡ. ಪ್ರಾಣಕ್ಕೆ ಅಪಾಯವಿಲ್ಲ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವಳು ನನ್ನ ಮುಖ ನೋಡಿ, “ಅಳ್ಬೇಡ ಕಣೇ. ಎಷ್ಟು ದಿನ ಆಗಿತ್ತು, ಹೀಗೆ ಮಲಗಿ” ಅಂದಳು.

ಕಂಪನಿ ಅವಳಿಗೆ ನೋಟಿಸು ಕೊಟ್ಟಿದೆ. ‘ನಿಯಮದಂತೆ ಹತ್ತು ಗಂಟೆ ಇಪ್ಪತ್ತು ನಿಮಿಷ ವಿಶ್ರಾಂತಿ ನೀಡಲಾಗಿದ್ದರೂ ಅದನ್ನು ಸದುಪಯೋಗಪಡಿಸಿಕೊಳ್ಳದೆ ನಿರ್ಲಕ್ಷ್ಯದಿಂದ ವರ್ತಿಸಿದ್ದೀರಿ.’ ಮಾರ್ಚ್ 24ಕ್ಕೆ ವಿಚಾರಣೆ. ತಪ್ಪು ಅವಳದೆಂದು ತೀರ್ಮಾನವಾದರೆ ಕೆಲಸ ಹೋಗುತ್ತದೆ. ಕೆಲಸ ಹೋದವಳನ್ನು ಬೇರೆ ಯಾವ ವಿಮಾನದವರೂ ಸೇರಿಸಿಕೊಳ್ಳುವುದಿಲ್ಲ.

ಆ ಹಾಳೆ ಇನ್ನೂ ಸಿಕ್ಕಿಲ್ಲ.

ನಿಮ್ಮ ಅರೆನಿಮಿಷ


ಫೆಬ್ರವರಿ 15

ಅರೆನಿಮಿಷ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮನೆಯವಳಿಗೂ ಓದಿ ಹೇಳಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ! ನಿದ್ದೆ ಕದ್ದವರು ನ್ಯಾಯದ ಕುರ್ಚಿಯಲ್ಲಿ, ಕಳೆದುಕೊಂಡವಳು ಆಸ್ಪತ್ರೆಯ ಮಂಚದಲ್ಲಿ. ‘ಸದುಪಯೋಗ’ವಂತೆ! ಕೊಡದೆ ಇದ್ದದ್ದನ್ನು ಸದುಪಯೋಗ ಮಾಡಿಕೊಳ್ಳುವುದು ಹೇಗೆಂದು ಆ ನೋಟಿಸು ಬರೆದವನು ನನಗೆ ಪಾಠ ಹೇಳಲಿ.

ಆದರೆ ಈಗ ನಿನಗೊಂದು ಮಾತು ಹೇಳಬೇಕಾಗಿದೆ, ಹೇಳಲು ನೋವಾಗುತ್ತದೆ. ‘ಹಾಳೆ ಸಿಕ್ಕಿಲ್ಲ’ ಎಂದು ಬರೆದಿದ್ದೀಯ. ಆ ಬೀರುವನ್ನು ಜೋಡಿಸಿದವನು ನಾನು. ಅದರಲ್ಲಿ ಹಾಳೆ ಹುಡುಕಲು ನಾಲ್ಕು ನಿಮಿಷ ಸಾಕು, ಇಪ್ಪತ್ತು ದಿನ ಬೇಡ. ನೀನು ಹುಡುಕಿಲ್ಲ. ಹೆದರಿದ್ದೀಯ.

ನಾನು ಸುಮ್ಮನೆ ಕೂರಲಿಲ್ಲ, ಕಳೆದ ತಿಂಗಳೇ ದೊಡ್ಡಮುಳ್ಳಿಗೆ ಬರೆದಿದ್ದೆ. ಎರಡೇ ವಾರದಲ್ಲಿ ಉತ್ತರ ಬಂತು, ಎಷ್ಟು ವಿನಯದ ಕಾಗದ! ‘ಮೇಷ್ಟ್ರೇ, ನಿಮ್ಮ ಕೈಬರಹದ ಒಂದು ಅಂಕಿಯನ್ನೂ ನಾವು ಇಂದಿಗೂ ಅಲುಗಾಡಿಸಿಲ್ಲ. ನೀವು ಎಳೆದ ಗೆರೆ ನಮಗೆ ಲಕ್ಷ್ಮಣರೇಖೆ. ನಿಮ್ಮ ಆರೋಗ್ಯ ನೋಡಿಕೊಳ್ಳಿ’ ಎಂದು. ಅವನ ಮೇಲೆ ಕೋಪವಿದ್ದರೂ, ಗುರುವನ್ನು ಮರೆತಿಲ್ಲವೆಂದು ಸಮಾಧಾನವಾಯಿತು. ಹಾಳೆಯನ್ನು ಅವನ ಮುಂದೆ ಹಿಡಿದರೆ ಅವನು ಇಲ್ಲವೆನ್ನಲಾರ. ಹಿಡಿಯುವವರೇ ಇಲ್ಲದಿದ್ದರೆ?

ನನ್ನ ಕೊನೆಯ ತಂಡದಲ್ಲಿ ಹನ್ನೊಂದು ಮಕ್ಕಳಿದ್ದರು. ಬಾಯಿ ಜೋರಾಗಿದ್ದವರು ಅನೇಕರು. ಬೆನ್ನು ನೆಟ್ಟಗಿದ್ದವಳು ನೀನೊಬ್ಬಳು ಎಂದು ತಿಳಿದಿದ್ದೆ. ನನ್ನ ಮಾಪನ ತಪ್ಪಿತೇನೋ.

ಮೇಷ್ಟ್ರು


ಫೆಬ್ರವರಿ 21

ಪೂಜ್ಯ ಮೇಷ್ಟ್ರಿಗೆ,

ನಿಮ್ಮ ಮಾಪನ ತಪ್ಪಿದೆ. ಆದರೆ ನೀವು ಅಂದುಕೊಂಡಲ್ಲಿ ಅಲ್ಲ.

ಹಾಳೆ ನಾಲ್ಕಲ್ಲ, ಮೂರೇ ನಿಮಿಷದಲ್ಲಿ ಸಿಕ್ಕಿತ್ತು. ಜನವರಿ 27ರಂದು. ಅದನ್ನು ತೆಗೆದುಕೊಂಡು ನೇರವಾಗಿ ದೊಡ್ಡಮುಳ್ಳಿನ ಕೋಣೆಗೆ ಹೋಗಿದ್ದೆ, ಕೆಳಗಿನ ಸಾಲು ಓದದೆಯೇ. ಅವರು ಓದಿದರು. ನಗುತ್ತಾ ನನ್ನ ಕಡೆ ತಿರುಗಿಸಿದರು.

“ಕಣ್ಣಿಗೆ ಒತ್ಕೊಂಡು ನೋಡು. ಯಾರ ಸಹಿ?”

ಬಗ್ಗಿ ಓದಿದೆ. ಮತ್ತೊಮ್ಮೆ ಓದಿದೆ.

“ಕೇಳಿದ್ದು ನಿನ್ನನ್ನೇ. ಯಾರದು?”

“ಮೇಷ್ಟ್ರದು.”

“ಅಳೆದವನೇ ತಿದ್ದಬೇಕು. ಯಾರ ನಿಯಮ?”

“ಮೇಷ್ಟ್ರದು.”

“ಮತ್ತೆ ನೀನ್ಯಾರು, ಮಧ್ಯ?”

ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಹೇಳಿದರು: “ಬೇಕಿದ್ರೆ ಬರೆದು ಕೇಳು ಅವರಿಗೆ. ಎಪ್ಪತ್ತರ ಹತ್ತಿರ ಇದ್ದಾರೆ, ನೆಮ್ಮದಿಯಾಗಿರಲಿ ಪಾಪ ಅಂತ ನಾನು ಸುಮ್ಮನಿದ್ದೀನಿ. ನಿನಗೆ ಅಷ್ಟೂ ಕರುಣೆ ಇಲ್ವಾ?”

ನನಗೆ ಕರುಣೆ ಇತ್ತು, ಮೇಷ್ಟ್ರೇ. ಅದೇ ನನ್ನ ತಪ್ಪು. ನಿಮಗೆ ಬರೆಯುವುದಕ್ಕೆ ಬದಲು, ನಾನೇ ಒಂದು ದಾರಿ ಹುಡುಕುತ್ತೇನೆ ಅಂದುಕೊಂಡೆ. ಅಪಘಾತವಾದ ದಿನ, ಆ ವಾರದ ಡ್ಯೂಟಿ ಪಟ್ಟಿ ನಿಯಮಬದ್ಧವಾಗಿತ್ತೆಂದು ಸಹಿ ಹಾಕಲು ನನಗೆ ಹೇಳಿದರು. ಹಾಕಲಿಲ್ಲ. ಮೂರು ಸಲ ಕರೆದರು. ಮೂರು ಸಲವೂ ಹಾಕಲಿಲ್ಲ. ಈಗ ನಾನು ವೇಳಾಪಟ್ಟಿ ಕೊಠಡಿಯಲ್ಲಿಲ್ಲ. ನಿಲ್ದಾಣದ ನೆಲಮಹಡಿಯಲ್ಲಿ, ಕಳೆದುಹೋದ ಲಗೇಜಿನ ಮೇಜಿನಲ್ಲಿದ್ದೇನೆ. ದಿನವಿಡೀ ಜನ ಬಂದು ಬೈಯುತ್ತಾರೆ. ನಿಮ್ಮ ಫೆಬ್ರವರಿ 15ರ ಕಾಗದವನ್ನು ಅಲ್ಲೇ ಕುಳಿತು ಓದಿದೆ, ಆದ್ದರಿಂದ ವ್ಯತ್ಯಾಸವೇನೂ ಅನಿಸಲಿಲ್ಲ.

ಹಾಳೆಯ ನಕಲನ್ನು ಇದರೊಂದಿಗೆ ಇಟ್ಟಿದ್ದೇನೆ. ಮೇಲೆ ನಿಮ್ಮ ಹತ್ತು ಹಾರಾಟಗಳು. ಎಲ್ಲಕ್ಕಿಂತ ಕೆಳಗೆ: ‘ನಿಲ್ದಾಣ ಸ್ಥಳಾಂತರ. ಮರುಮಾಪನ ಅಗತ್ಯವಿಲ್ಲ. ಹಿಂದಿನ ಅಂಕಿಯೇ ಮುಂದುವರಿಯಲಿ.’ ನಿಮ್ಮ ಸಹಿ. ಸಹಿಯ ಪಕ್ಕದಲ್ಲಿ, ನಿಮ್ಮ ಪದ್ಧತಿಯಂತೆ, ಸಮಯ: ಜೂನ್ 30, ಮಧ್ಯಾಹ್ನ 3 ಗಂಟೆ 59 ನಿಮಿಷ.

ಮನೆಗೆ ಬಂದ ಗುಬ್ಬಿ ಒಂದೇ ಕೈಯಲ್ಲಿ ಜಡೆ ಹಾಕಿಕೊಳ್ಳಲು ಕಲಿಯುತ್ತಿದ್ದಾಳೆ.

ಅರೆನಿಮಿಷ


ಮಾರ್ಚ್ 7

ಪ್ರೀತಿಯ ಮಗೂ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಮೊದಲ ದಿನ, ಈ ಸಹಿ ನಕಲಿ ಎಂದುಕೊಂಡೆ. ಎರಡನೆಯ ದಿನ, ಮರೆತಿದ್ದೆ ಎಂದುಕೊಂಡೆ. ಮೂರನೆಯ ದಿನ ಒಪ್ಪಿಕೊಂಡೆ: ಮರೆತಿರಲಿಲ್ಲ, ಆ ಕಡೆ ನೋಡದೆ ಇದ್ದೆ. ಎರಡಕ್ಕೂ ವ್ಯತ್ಯಾಸವಿದೆ ಎಂದು ನಿಮಗೆ ಕಲಿಸಿದವನು ನಾನೇ. ಕುಂಬಳಕಾಯಿ ಕಳ್ಳ ಎಂದು ಕೂಗಿದರೆ ನಿಜವಾದ ಕಳ್ಳನಾದರೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ನಾನು ಅಷ್ಟೂ ಮಾಡದೆ ಎರಡು ತಿಂಗಳು ಬೀದಿಯಲ್ಲಿ ನಿಂತು ಕೂಗಿದೆ. ನಿನ್ನ ಹೆಗಲನ್ನೂ ತಟ್ಟಿ ನೋಡಿದೆ.

ಜೂನ್ 30 ನನ್ನ ಸೇವೆಯ ಕೊನೆಯ ದಿನ. ನಾಲ್ಕು ಗಂಟೆಗೆ ನೀವು ಹನ್ನೊಂದು ಮಕ್ಕಳು ತರಗತಿಯಲ್ಲಿ ಬೀಳ್ಕೊಡುಗೆ ಇಟ್ಟಿದ್ದಿರಿ. ಕಾರಿಡಾರಿನಲ್ಲಿ ಗುಮಾಸ್ತ ಓಡಿ ಬಂದು ಹಾಳೆ ಹಿಡಿದ. “ಸಾರ್, ನಿಲ್ದಾಣ ಹೊಸ ಜಾಗಕ್ಕೆ ಹೋಗಿದೆ. ಮತ್ತೆ ಅಳೀತೀರಾ, ಹಳೇದೇ ಇರಲಾ?” ಎಂದ. ಮತ್ತೆ ಅಳೆಯುವುದೆಂದರೆ ಐದು ದಿನ ಬೇಕು. ನಿವೃತ್ತಿಯನ್ನು ಮುಂದಕ್ಕೆ ಹಾಕಬೇಕು. ಒಳಗಿನಿಂದ ನಿಮ್ಮ ನಗು ಕೇಳಿಸುತ್ತಿತ್ತು. ಗೋಡೆಗೆ ಹಾಳೆಯನ್ನು ಒತ್ತಿ ಹಿಡಿದು, ನಿಂತೇ ಸಹಿ ಹಾಕಿದೆ. ನನ್ನ ಅಂಕಿ ತಾನೇ, ಎಷ್ಟು ತಪ್ಪೀತು ಎಂಬ ಅಹಂಕಾರವೂ ಇತ್ತು.

ನೆನಪಿದೆಯೇ? ನಾನು ಒಳಗೆ ಬಂದಾಗ ಗಡಿಯಾರ ನೋಡಿ ನೀನೇ ಕೂಗಿದ್ದೆ: “ಮೇಷ್ಟ್ರೇ, ಇವತ್ತು ನೀವೇ ಅರೆನಿಮಿಷ!” ಎಲ್ಲರೂ ಚಪ್ಪಾಳೆ ತಟ್ಟಿದಿರಿ. ಮೂವತ್ತೊಂದು ವರ್ಷದಲ್ಲಿ ನಾನು ತಡವಾದದ್ದು ಅದೊಂದೇ ಸಲ. ಆ ಅರ್ಧ ನಿಮಿಷದಲ್ಲಿ ನಾನು ಏನು ಮಾಡಿ ಬಂದೆನೆಂದು ಈಗ ಆ ಹುಡುಗಿಯ ಹೆಗಲ ಮೂಳೆ ಹೇಳುತ್ತಿದೆ.

ಇನ್ನು ಆ ನಿಯಮ. ಅಧಿಕಾರಿಗಳ ಪೆನ್ಸಿಲಿನಿಂದ ಸತ್ಯವನ್ನು ಕಾಯಲು ನಾನು ಹಾಕಿದ ಬೇಲಿ. ಬೇಲಿಯೇ ಎದ್ದು ಹೊಲ ಮೇಯ್ದಿದೆ. ದೊಡ್ಡಮುಳ್ಳಿನ ವಿನಯಕ್ಕೆ ಸಮಾಧಾನಪಟ್ಟೆನಲ್ಲ, ಅದನ್ನು ನೆನೆದರೆ ಮೈಮೇಲೆ ಚೇಳು ಹರಿದಂತಾಗುತ್ತದೆ. ಅವನು ನನ್ನನ್ನು ಗೌರವಿಸಲಿಲ್ಲ. ನನ್ನ ಸಹಿಯನ್ನು ಕೊಡೆಯಂತೆ ಹಿಡಿದು ಅದರ ಕೆಳಗೆ ಒಣಗಿಕೊಂಡು ನಿಂತ. ಅವನಿಗೂ ಪಾಠ ಹೇಳಿದವನು ನಾನು. ಆ ಲೆಕ್ಕದಲ್ಲಿ ಅವನೂ ನನ್ನ ತಪ್ಪು ಅಂಕಿಯೇ.

ಮನೆಯವಳು ನಿನ್ನೆ ತಟ್ಟೆ ಮುಂದಿಟ್ಟು ಹೇಳಿದಳು: “ಆಗಿದ್ದು ಆಯ್ತು. ನಿಮ್ಮನ್ನ ನೀವು ಬೈಕೊಳ್ಳೋಕೆ ಹತ್ತು ದಿನ ಸಾಲದಾ? ಅಳೆದವನೇ ತಿದ್ದಬೇಕು ಅಂತ ಬರೆದಿದ್ದೀರಲ್ಲ, ಏಳಿ.”

ಏಳುತ್ತಿದ್ದೇನೆ. ಮಾಪಕನ ಪರವಾನಗಿ ಜೀವನಪರ್ಯಂತ ನಡೆಯುತ್ತದೆ. ಹತ್ತು ಟಿಕೆಟ್ ತೆಗೆಸಿದ್ದೇನೆ.

ನಿನಗೆ ಬರೆದ ಆ ಒಂದು ಸಾಲನ್ನು ಹಿಂತೆಗೆದುಕೊಳ್ಳುತ್ತೇನೆ. ನಿನ್ನ ಬೆನ್ನನ್ನು ನಾನು ಸರಿಯಾಗಿಯೇ ಅಳೆದಿದ್ದೆ.

ನಿನ್ನ ಮೇಷ್ಟ್ರು


ಮಾರ್ಚ್ 15, ನಿಮ್ಮ ಊರಿನ ವಿಮಾನ ನಿಲ್ದಾಣ, ಹೊರಡುವ ಪ್ರಯಾಣಿಕರ ಕೋಣೆ

ಪ್ರೀತಿಯ ಅರೆನಿಮಿಷ,

ಇದನ್ನು ಇಲ್ಲಿಯ ಅಂಚೆಪೆಟ್ಟಿಗೆಗೇ ಹಾಕುತ್ತೇನೆ. ನೀನು ಇಲ್ಲಿಂದ ಒಂದು ಮಹಡಿ ಕೆಳಗಿದ್ದೀಯ. ಅಂಚೆಯವರು ಎಷ್ಟು ದಿನ ತೆಗೆದುಕೊಳ್ಳುತ್ತಾರೋ ನೋಡೋಣ.

ಒಂಬತ್ತು ಹಾರಾಟಗಳಾದವು. 1:41. 1:44. 1:42. 1:40. ಉಳಿದವೂ ಹೀಗೆಯೇ. ಒಂದಾದರೂ ಒಂದೂವರೆ ಗಂಟೆಯೊಳಗೆ ಮುಗಿಯಲಿಲ್ಲ. ಇಳಿದ ಮೇಲೂ ವಿಮಾನ ರನ್‌ವೇಯ ಕೊನೆಯಿಂದ ಕಟ್ಟಡದವರೆಗೆ ಹನ್ನೆರಡು ನಿಮಿಷ ಎತ್ತಿನ ಗಾಡಿಯಂತೆ ಉರುಳುತ್ತದೆ. ಅದನ್ನು ಕಾಣಲು ಲೆಕ್ಕ ಬೇಕಿಲ್ಲ, ಸೀಟಿನಲ್ಲಿ ಕುಳಿತಿದ್ದರೆ ಸಾಕು. ಕುಳಿತಿರಲಿಲ್ಲ ನಾನು.

ಐದು ದಿನದಿಂದ ಇದೇ ವಿಮಾನ ಹತ್ತಿಳಿಯುವುದನ್ನು ಕಂಡು ಸಿಬ್ಬಂದಿಗೆ ನಾನೊಂದು ತಮಾಷೆಯಾಗಿದ್ದೇನೆ. ಗುಬ್ಬಿಯ ಜಾಗಕ್ಕೆ ಬಂದಿರುವ ಹುಡುಗಿ ಇವತ್ತು ಬಾಗಿಲಲ್ಲೇ ಕೇಳಿದಳು:

“ಏನ್ ತಾತ, ಮತ್ತೆ ಬಂದ್ರಾ? ಏನಾದ್ರೂ ಮರೆತು ಹೋಗಿದ್ರಾ?”

“ಹೌದಮ್ಮಾ. ಒಂಬತ್ತು ವರ್ಷದ ಹಿಂದೆ.”

“ಹಾಗಾದ್ರೆ ಕೆಳಗೆ ಕಳೆದುಹೋದ ಲಗೇಜ್ ಕೌಂಟರ್‌ಗೆ ಹೋಗಿ ತಾತ. ಅಲ್ಲೊಬ್ಬಳು ಅಕ್ಕ ಇದ್ದಾಳೆ, ಹುಡುಕಿ ಕೊಡ್ತಾಳೆ.”

ಮಗೂ, ನಿನ್ನೆ ಗಾಜಿನ ಮೂಲಕ ನಿನ್ನನ್ನು ನೋಡಿದೆ. ಒಬ್ಬ ದಪ್ಪ ಮನುಷ್ಯ ಮೇಜು ಗುದ್ದಿ ಕೂಗುತ್ತಿದ್ದ. ನೀನು ಅವನ ಚೀಲದ ಬಣ್ಣ ಬರೆದುಕೊಳ್ಳುತ್ತಿದ್ದೆ, ಬೆನ್ನು ನೆಟ್ಟಗೆ. ಗಾಜು ತಟ್ಟಲು ಕೈ ಎತ್ತಿ ಇಳಿಸಿದೆ. ಅಳೆಯುವ ಅವಧಿಯಲ್ಲಿ ಮಾಪಕನು ಸಂಬಂಧಪಟ್ಟ ಯಾರನ್ನೂ ಕಾಣಬಾರದು. ಈ ನಿಯಮವನ್ನಾದರೂ ಮುರಿಯದೆ ಉಳಿಸಿಕೊಳ್ಳುತ್ತೇನೆ.

ಹತ್ತನೆಯದಕ್ಕೆ ಕರೆಯುತ್ತಿದ್ದಾರೆ. ಹೊಸ ಹಾಳೆ, ಮತ್ತು ಹಳೆಯ ಸಹಿಯನ್ನು ರದ್ದು ಮಾಡಿದ ಪತ್ರ, ಎರಡೂ ನಾಳೆ ವಿಚಾರಣಾ ಸಮಿತಿಗೆ ರಿಜಿಸ್ಟರ್ ಅಂಚೆಯಲ್ಲಿ ಹೋಗುತ್ತವೆ. ರದ್ದು ಪತ್ರದಲ್ಲಿ ಕಾರಣದ ಜಾಗದಲ್ಲಿ ಹೀಗೆ ಬರೆದಿದ್ದೇನೆ: ‘ಹಾರದೆ ಸಹಿ ಹಾಕಿದೆ.’

ಮೇಷ್ಟ್ರು


ಮಾರ್ಚ್ 25

ಪೂಜ್ಯ ಮೇಷ್ಟ್ರಿಗೆ,

ನೀವು ಗಾಜಿನಾಚೆ ನಿಂತಿದ್ದಿರಿ, ನಾನು ಒಂದು ನೀಲಿ ಚೀಲದ ವರ್ಣನೆ ಬರೆಯುತ್ತಿದ್ದೆ! ಈ ಜಗಳವನ್ನು ಮುಂದೆ ಆಡುತ್ತೇನೆ. ಮೊದಲು ಸುದ್ದಿ.

ನಿನ್ನೆ ವಿಚಾರಣೆಯಾಯಿತು. ಗುಬ್ಬಿ ಮುರಿದ ಕೈಯನ್ನು ಬಟ್ಟೆಯಲ್ಲಿ ಕುತ್ತಿಗೆಗೆ ಕಟ್ಟಿಕೊಂಡು, ಸಮವಸ್ತ್ರ ಇಸ್ತ್ರಿ ಮಾಡಿಸಿ ಹಾಕಿಕೊಂಡು ಬಂದಿದ್ದಳು. ನನ್ನನ್ನು ಸಾಕ್ಷಿಯೆಂದು ಕೂರಿಸಿದ್ದರು. ಸಮಿತಿಯಲ್ಲಿ ಮೂವರು. ಅಧ್ಯಕ್ಷೆ ಹಿಂದೆ ಪೈಲಟ್ ಆಗಿದ್ದವರು, ತಲೆ ಪೂರ್ತಿ ಬೆಳ್ಳಗೆ. ಅವರು ನಿಮ್ಮ ಹಾಳೆಯನ್ನು ಮೇಜಿನ ಮೇಲೆ ಹರಡಿದ ತಕ್ಷಣ ದೊಡ್ಡಮುಳ್ಳು ಎದ್ದರು.

“ಮೇಡಂ, ಅವರು ನನ್ನ ಗುರುಗಳು, ದೇವರಂಥವರು. ಆದ್ರೆ ವಯಸ್ಸಾಗಿದೆ. ಕೈಗಡಿಯಾರನೂ ಹಳೇದು.”

“ಇವರು ಹತ್ತು ಸಲ ಹತ್ತಿ ಇಳಿದಿದ್ದಾರೆ. ಈ ಮಾರ್ಗದಲ್ಲಿ ನೀವು ಎಷ್ಟು ಸಲ ಹೋಗಿದ್ದೀರಿ?”

“ನಾನು ಕಚೇರಿ ಕೆಲಸದವನು, ಮೇಡಂ.”

“ಅದನ್ನೇ ಕೇಳಿದ್ದು. ಕೂತ್ಕೊಳ್ಳಿ.”

ಆಮೇಲೆ ಗುಬ್ಬಿಯನ್ನು ಕೇಳಿದರು, ಏನಾದರೂ ಹೇಳುವುದಿದೆಯಾ ಎಂದು. ಅವಳು ಎದ್ದು ನಿಂತು, “ಹತ್ತು ಗಂಟೆ ಇಪ್ಪತ್ತು ನಿಮಿಷ ನಿದ್ದೆ ಕೊಟ್ಟಿದ್ದೀವಿ ಅಂದ್ರಲ್ಲ ಮೇಡಂ, ಅದರಲ್ಲಿ ನನಗೆ ತಲುಪದೇ ಇರೋದನ್ನ ಕಳೆದುಹೋದ ಲಗೇಜ್ ಕೌಂಟರ್‌ನಲ್ಲಿ ದೂರು ಕೊಡಬಹುದಾ?” ಅಂದಳು. ಯಾರೂ ನಗಲಿಲ್ಲ. ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿಕೊಂಡರು.

ತೀರ್ಪು ಹೀಗಿದೆ. ಗುಬ್ಬಿಯ ತಪ್ಪಿಲ್ಲ, ಮೂಳೆ ಕೂಡಿದ ಮೇಲೆ ಅದೇ ಕೆಲಸಕ್ಕೆ ಮರಳಬಹುದು. ಇಂದಿನಿಂದ ನಮ್ಮ ಎರಡು ಊರುಗಳ ನಡುವೆ ದೂರ 643 ಕಿಲೋಮೀಟರ್, ಸಮಯ 1 ಗಂಟೆ 42 ನಿಮಿಷ. ನಾಲ್ಕನೆಯ ಹಾರಾಟ ರದ್ದು.

ಸಂತೋಷಪಡಬೇಕು. ಪಟ್ಟೆ ಕೂಡ. ಆದರೆ ಮುಂದಿನದನ್ನೂ ಓದಿ. ಆ ದಿನನಿತ್ಯದ ‘ಹವಾಮಾನ’ದ ಬಗ್ಗೆ ‘ಪ್ರತ್ಯೇಕವಾಗಿ ಪರಿಶೀಲಿಸಲಾಗುವುದು’, ಅಂದರೆ ಯಾರೂ ಪರಿಶೀಲಿಸುವುದಿಲ್ಲ. ದೊಡ್ಡಮುಳ್ಳಿಗೆ ಬಾಯಿಮಾತಿನ ಎಚ್ಚರಿಕೆ. ಕುರ್ಚಿ ಹಾಗೆಯೇ ಇದೆ. ನಾನು ‘ಜಾಗ ಖಾಲಿಯಾಗುವವರೆಗೆ’ ಲಗೇಜಿನಲ್ಲೇ. ಇಷ್ಟರ ನಡುವೆ ಶಿಕ್ಷೆಯಾದದ್ದು ಒಬ್ಬರಿಗೆ ಮಾತ್ರ. ಕೊನೆಯ ಸಾಲಿನಲ್ಲಿ, ‘ಮರುಮಾಪನವಿಲ್ಲದೆ ಒಪ್ಪಿಗೆ ನೀಡಿದ್ದಕ್ಕಾಗಿ’ ನಿಮ್ಮ ಪರವಾನಗಿ ರದ್ದಾಗಿದೆ. ಮಾಪಕರ ಪಟ್ಟಿಯಿಂದ ನಿಮ್ಮ ಹೆಸರು ತೆಗೆಯುತ್ತಾರೆ. ತಪ್ಪು ಒಪ್ಪಿಕೊಂಡವರು ನೀವೊಬ್ಬರೇ, ಅದಕ್ಕೇ ನಿಮಗೊಬ್ಬರಿಗೇ! ಅಲ್ಲೇ ಎದ್ದು ಕೂಗಾಡಿದೆ. ಸಾಕ್ಷಿಗಳು ಕೂಗಬಾರದೆಂದು ಹೊರಗೆ ಕಳಿಸಿದರು.

ನಾನು ಮೇಲ್ಮನವಿ ಬರೆಯುತ್ತೇನೆ. ನೀವು ಒಪ್ಪಿಗೆ ಕೊಡಬೇಕು.

ನಿಮ್ಮ ಅರೆನಿಮಿಷ


ಏಪ್ರಿಲ್ 1

ಪ್ರೀತಿಯ ಅರೆನಿಮಿಷ,

ಒಪ್ಪಿಗೆ ಕೊಡುವುದಿಲ್ಲ.

ಆ ತೀರ್ಪಿನಲ್ಲಿ ನ್ಯಾಯವಾಗಿರುವ ಸಾಲುಗಳು ಕೆಲವೇ; ಅವುಗಳಲ್ಲಿ ಕೊನೆಯದೂ ಒಂದು. ಅದನ್ನು ಮುಟ್ಟಬೇಡ. ನನ್ನನ್ನು ಉಳಿಸಲು ನೀನು ಒಮ್ಮೆ ಹಾಳೆಯನ್ನು ಬಚ್ಚಿಟ್ಟೆ. ಆ ದಿನಗಳಲ್ಲೇ ಒಂದು ಬೆಳಿಗ್ಗೆ ಆ ಹುಡುಗಿ ಸ್ಕೂಟರ್ ಹತ್ತಿ ಹೊರಟಳು. ಬೈಯುತ್ತಿಲ್ಲ. ನಾವಿಬ್ಬರೂ ಪ್ರೀತಿಯಿಂದಲೇ ಆ ಕಡೆ ನೋಡದೆ ಇದ್ದೆವು, ನಾನು ನಿಮ್ಮ ಚಪ್ಪಾಳೆಗಾಗಿ, ನೀನು ನನ್ನ ನೆಮ್ಮದಿಗಾಗಿ. ಇನ್ನು ಸಾಕು.

ನಿನ್ನ ಕೋಪವನ್ನು ಮಾತ್ರ ಆರಿಸಬೇಡ. ಮೇಲ್ಮನವಿ ಬರೆ, ಹವಾಮಾನದ ಮೇಲೆ ಬರೆ. ಮೂರು ತಿಂಗಳ ದಾಖಲೆ ಪುಸ್ತಕವನ್ನೂ, ಅದೇ ಮೂರು ತಿಂಗಳ ನಿಜವಾದ ಹವಾಮಾನ ವರದಿಯನ್ನೂ ಅಕ್ಕಪಕ್ಕ ಇಟ್ಟು ಕಳಿಸು. ನಾನು ಆಗಲೇ ನಮ್ಮ ಗ್ರಂಥಾಲಯದಲ್ಲಿ ಕುಳಿತು ಜನವರಿಯದನ್ನು ನಕಲು ಮಾಡಿದ್ದೇನೆ. ಮೂವತ್ತೊಂದು ದಿನದಲ್ಲಿ ಮೂವತ್ತು ದಿನ ನಿರ್ಮಲ ಆಕಾಶ. ಮತ್ತೆ, ಮಾಪಕರ ಪಟ್ಟಿಯಲ್ಲಿ ಒಂದು ಜಾಗ ಖಾಲಿಯಾಗಿದೆಯಲ್ಲ, ಅದಕ್ಕೆ ಅರ್ಜಿ ಹಾಕು. ಪರವಾನಗಿ ಸಿಕ್ಕಿದ ದಿನ ನನ್ನ ನಿಯಮದ ಮುಂದೆ ಒಂದು ಸಾಲು ಸೇರಿಸಲು ಹೋರಾಡು: ಐದು ವರ್ಷಕ್ಕೊಮ್ಮೆ ಮತ್ತೆ ಅಳೆಯಬೇಕು, ಅಳೆದವನು ಎಷ್ಟು ದೊಡ್ಡ ಮೇಷ್ಟ್ರಾಗಿದ್ದರೂ. ಅದಕ್ಕೆ ಎರಡು ವರ್ಷ ಹಿಡಿಯಬಹುದು. ಹಿಡಿಯಲಿ.

ಈಗ ಇನ್ನೊಂದು ವಿಷಯ. ಜನವರಿಯಿಂದ ನಿನ್ನ ಕುಶಲ ಕೇಳುತ್ತೇನೆ ಎನ್ನುತ್ತಲೇ ಕೇಳಿಲ್ಲ. ಅದು ಕಾಗದದಲ್ಲಿ ಆಗುವ ಕೆಲಸವಲ್ಲವೆಂದು ತೋರುತ್ತದೆ. ಈ ತಿಂಗಳ ಎರಡನೆಯ ಶನಿವಾರ ನಾನೂ ಮನೆಯವಳೂ ಬರುತ್ತಿದ್ದೇವೆ. ಈ ಸಲ ಗಡಿಯಾರ ಹಿಡಿದುಕೊಂಡಲ್ಲ, ಪ್ರಯಾಣಿಕರಾಗಿ. ಗುಬ್ಬಿಯನ್ನೂ ನೋಡಬೇಕು; ಅವಳ ಮುಂದೆ ನಿಂತು ಹೇಳಬೇಕಾದ ಒಂದು ಮಾತಿದೆ, ಅದನ್ನೂ ಅಂಚೆಗೆ ಹಾಕಲಾಗುವುದಿಲ್ಲ.

ಬೆಳಿಗ್ಗೆ 10:15ಕ್ಕೆ ಇಲ್ಲಿ ಬಾಗಿಲು ಮುಚ್ಚುತ್ತದೆ. 11:57ಕ್ಕೆ ಅಲ್ಲಿ ತೆರೆಯಬೇಕು. ನಿನ್ನ ಮೇಜಿನ ಮುಂದೆ ನಾನು ಅರ್ಧ ನಿಮಿಷ ತಡವಾಗಿ ಬಂದು ನಿಂತರೆ, ಹವಾಮಾನ ಎಂದು ಬರೆಯಬೇಡ. ನನ್ನ ಹೆಸರನ್ನೇ ಬರೆ.

ನಿನ್ನ ಮೇಷ್ಟ್ರು